ಶೇವಂತಿ ಮಾಡಿಸಿದ ಗಡ್ಡದ ಗೊಂಬೆಗಳು

ಶೇವಂತಿ ನನ್ನ ನೆಗೆಣ್ಣಿ, ಮೈದುನ ಮುತ್ತಣ್ಣನ ಹೆಂಡತಿ. ಬನಹಟ್ಟಿಯ ನಮ್ಮ ಮನೆಗೆ ಬಂದ ಹೊಸದರಲ್ಲಿ ಅವಳಿಗೆ ತಲೆ ಬಾಚಿಕೊಳ್ಳಲೂ ಬೇಸರ. ಆದರೆ ಕೈ ಚುರುಕು. ಹರಿದ ಕುಪ್ಪಸದಲ್ಲಿ ಚೀಲ ಹೊಲಿಯುವಳು, ಮದುವೆ ಕಾರ್ಡು ಕತ್ತರಿಸಿ ತೋರಣ ಮಾಡುವಳು. ಯಾವುದನ್ನೂ ಒಗೆಯುವವಳಲ್ಲ. ನನ್ನ ಗಂಡ ತೀರಿದಾಗ ನನಗೆ ತುತ್ತು ಮಾಡಿ ಉಣಿಸಿದವಳೂ ಅವಳೇ. ಅದನ್ನು ಇಲ್ಲ ಎನ್ನಲಾರೆ.

ನನ್ನ ಗಂಡ ನೇಕಾರ. ಪಡಸಾಲೆಯಲ್ಲಿ ನೆಲ ತೋಡಿ ಹೂಡಿದ ಕುಣಿಮಗ್ಗದಲ್ಲಿ ಹಾಲುಬಣ್ಣದ ಸೀರೆಯೊಂದನ್ನು ಅರ್ಧ ನೇಯ್ದು ಹೋದರು. ನೇಯದೆ ಉಳಿದ ಎಳೆ ಮಗ್ಗದ ಮೇಲೆಯೇ ಇತ್ತು. ಎಳೆ ಇರುವ ಮಗ್ಗವನ್ನು ನಮ್ಮ ಓಣಿಯಲ್ಲಿ ಯಾರೂ ಬಿಚ್ಚುವುದಿಲ್ಲ. ಉಸಿರಿರುವವರನ್ನು ಹೂಳಿದ ಹಾಗೆ ಅನ್ನುತ್ತಾರೆ. ನಾನು ಅದಕ್ಕೆ ಹಚ್ಚಡ ಹೊದಿಸಿದೆ. ಎತ್ತಿ ನೋಡುವ ಧೈರ್ಯ ಇರಲಿಲ್ಲ. ವರ್ಷ ತುಂಬಿದ ಮೇಲೆ ನಾನೇ ಕುಣಿಗಿಳಿದು ಆ ಸೀರೆ ಮುಗಿಸಬೇಕು ಅಂತಿತ್ತು. ಶೇವಂತಿಯೊಬ್ಬಳಿಗೇ ಹೇಳಿದ್ದೆ.

ಡಿಸೆಂಬರ್ ಬಂತು. ಜಮಖಂಡಿಯ ಒಂದು ಇಂಗ್ಲಿಷ್ ಶಾಲೆಗೆ ಕ್ರಿಸ್‌ಮಸ್ ಗೊಂಬೆ ಬೇಕಂತೆ ಎಂದು ಅವಳು ಫೋನಿನಲ್ಲಿ ತೋರಿಸಿದಳು. ಗಿಡ್ಡ ಮುದುಕ. ಉದ್ದ ಟೊಪ್ಪಿಗೆ, ಗುಂಡು ಮೂಗು, ಹೊಟ್ಟೆಯ ತನಕ ಗಡ್ಡ.

“ಇಂವಗ ಕಣ್ಣ ಇಲ್ಲಲ್ಲ ಬೇ?” ಅಂದೆ.

“ಟೊಪಗಿ ಮುಚ್ಚೇತಿ ಅಕ್ಕಾ. ಪರದೇಶದಾಗ ಮನಿ ಕಾಯ್ತಾನಂತ ಇಂವ.”

“ಕಣ್ಣ ಮುಚ್ಕೊಂಡ ಏನ ಕಾಯ್ತಾನ? ನಿನ್ನ ಗಂಡನಂಗ ಆತು.”

ಇಬ್ಬರೂ ನಕ್ಕೆವು. ನನ್ನ ಗಂಡ ಹೋದ ಮೇಲೆ ನಾನು ನಕ್ಕದ್ದು ಅಂದೇ.

ಹಳೆಯ ಕಾಲುಚೀಲದಲ್ಲಿ ಜೋಳ ತುಂಬಿ ಬಾಯಿ ಕಟ್ಟಿದೆವು. ಹರಿದ ಶಾಲು ಕತ್ತರಿಸಿ ಟೊಪ್ಪಿಗೆ ಹೊಲಿದು ತುದಿಗೆ ಹತ್ತಿ ತುರುಕಿದೆವು. ಅಂಗಿಯ ಗುಂಡಿಗೆ ಬಟ್ಟೆ ಸುತ್ತಿದರೆ ಮೂಗು. ಗಡ್ಡಕ್ಕೆ ಶೇವಂತಿ ನೂಲಿನ ಕಟ್ಟು ತಂದಳು. ಗಂಜಿ ಹಿಡಿದ ಬಿರುಸು ನೂಲು.

“ಎಲ್ಲಿದ ಇದು?”

“ರಬಕವಿ ಕಾರಖಾನ್ಯಾಗ ಉಳದದ್ದ ಅಕ್ಕಾ. ಒಗ್ಯಾಕತ್ತಿದ್ರು, ಬೇಡಿ ತಂದೆ.”

ನಂಬಿದೆ. ಬಿಸಿನೀರಲ್ಲಿ ಅದ್ದಿ ಗಂಜಿ ಬಿಡಿಸಿದೆ, ನೆರಳಲ್ಲಿ ಒಣಗಿಸಿದೆ, ಹಣಿಗೆಯಿಂದ ಬಾಚಿದೆ. ಕತ್ತರಿಸಿದ್ದು, ಹೊಲಿದದ್ದು ನಾನೇ. “ನಿನ್ನಂಗ ಛಲೋ ಬರೂದಿಲ್ಲ ನನಗ” ಎಂದು ಅವಳು ಗಡ್ಡಕ್ಕೆ ಕೈ ಹಚ್ಚಲೇ ಇಲ್ಲ.

ಶಾಲೆಗೆ ಗೊಂಬೆ ಮುಟ್ಟಿಸಲು ನನ್ನನ್ನೇ ಕಳಿಸಿದಳು. ಕೊಟ್ಟು, ಬಸ್ಸಿಳಿದು ಮನೆಗೆ ಬಂದರೆ ಮುತ್ತಣ್ಣನೂ ಒಬ್ಬ ಬಡಿಗನೂ ಮಗ್ಗ ಬಿಚ್ಚುತ್ತಿದ್ದರು. ಹಚ್ಚಡ ಮೂಲೆಯಲ್ಲಿ ಬಿದ್ದಿತ್ತು.

“ಎಳಿ ಇರೂ ಮಗ್ಗಾ ಬಿಚ್ಚಾಕತ್ತೀರೇನೋ!” ಚೀರಿದೆ.

ಮುತ್ತಣ್ಣ ತಲೆ ಎತ್ತಲಿಲ್ಲ. “ಎಳಿ ಎಲ್ಲೈತ್ರಿ ವೈನಿ? ನೀವ ಗಡ್ಡಾ ಮಾಡಿ ಕೊಟ್ಟ ಬಂದ್ರೆಲ್ಲ.”

ನೋಡಿದೆ. ನೇಯ್ದ ಭಾಗ ಉರುಳೆಗೆ ಸುತ್ತಿದಂತೆಯೇ ಇತ್ತು. ಅದರಾಚೆ ನೇಯಬೇಕಿದ್ದ ಎಳೆಗಳನ್ನು ಮೋಟಾಗಿ ಕತ್ತರಿಸಿದ್ದರು.

ಶೇವಂತಿ ಬಾಗಿಲಲ್ಲಿ ನಿಂತಿದ್ದಳು. “ಈ ಜಾಗಾದಾಗ ಬಳಿ ಮಾರೂ ಅಂಗಡಿ ಹಾಕ್ತೇನಿ ಅಕ್ಕಾ. ಎಷ್ಟ ದಿನ ಸುಮ್ಮ ಬಿಡೂದು?”

“ನನಗ ಹೇಳಬೇಕಿತ್ತಲ್ಲ.”

“ಹೇಳಿದ್ರ ಬಿಡ್ತಿದ್ದೇನ ನೀ?”

“ಇಲ್ಲ.”

“ಅದಕ್ಕ ಹೇಳಲಿಲ್ಲ.”

ತಾನೇ ಎಲ್ಲ ಮಾಡಿ ಮುಗಿಸಿದ್ದರೆ ಜಗಳ ಆಡಿ ಬಿಡುತ್ತಿದ್ದೆ. ಇವಳು ನನ್ನ ಕೈಯಿಂದಲೇ ಮಾಡಿಸಿದಳು. ನಗಿಸುತ್ತ ಮಾಡಿಸಿದಳು.

ಅರ್ಧ ಸೀರೆಯನ್ನು ಉರುಳೆಯಿಂದ ಬಿಚ್ಚಿಕೊಂಡೆ. ಕುಣಿಗೆ ಅವರು ಮಣ್ಣು ತುಂಬಿದರು. ಮರುದಿನ ನಾನು ಹಿತ್ತಿಲಲ್ಲಿ ಕಲ್ಲು ಹೂಡಿ ಒಲೆ ಬೇರೆ ಮಾಡಿದೆ. ಶೇವಂತಿ ಬಂದು ನಿಂತಳು.

“ಗೊಂಬಿ ಗಡ್ಡದ ಸಲುವಾಗಿ ಒಲಿ ಬ್ಯಾರೆ ಮಾಡಿದ್ಲಂತ ಮಂದಿ ನಗ್ತಾರ ಅಕ್ಕಾ.”

“ನಗಲಿ,” ಅಂದೆ.

ಹಂಚು ಕಾದಿತ್ತು. ನನ್ನ ಹೊಟ್ಟೆಗಾಗುವಷ್ಟು ರೊಟ್ಟಿ ಬಡಿದೆ.