ಕಮಲಾಪುರದ ದಾರಿಯಿಂದ ತಿರುಗಿದ ಗಾಡಿ

ಗಾಜಿಪುರದ ಗುರುದೇವಿ ಹನ್ನೊಂದು ವರ್ಷ ತೊಗರಿಬೇಳೆ ಮಿಲ್ಲಿನಲ್ಲಿ ದುಡಿದವಳು. ಈಗ ಮೂರು ವರ್ಷದಿಂದ ಆ್ಯಪ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಾಳೆ. ಗಳಿಕೆ ಅಷ್ಟೇನೂ ಹೆಚ್ಚಿಲ್ಲ. ಆದರೆ ಮಿಲ್ಲಿನಲ್ಲಿ ನೀರು ಕುಡಿಯಲೂ ಮೇಸ್ತ್ರಿಯನ್ನು ಕೇಳಬೇಕಿತ್ತು. ಇಲ್ಲಿ ಬೇಕೆಂದಾಗ ಗಾಡಿ ನಿಲ್ಲಿಸಬಹುದು. ಅವಳಿಗೆ ಅದೇ ದೊಡ್ಡದು.

ಜುಲೈನ ಒಂದು ಬೆಳಿಗ್ಗೆ ಖೂಬಾ ಪ್ಲಾಟ್ ಬಡಾವಣೆಯಿಂದ ಕಮಲಾಪುರಕ್ಕೆ ಬುಕಿಂಗ್ ಬಂತು. ವಿವೇಕಾನಂದ ಎಂಬಾತ ತಾಯಿ ಭಾಗಮ್ಮನವರನ್ನು ಹಿಂದೆ ಕೂರಿಸಿ ತಾನು ಮುಂದೆ ಕೂತ. ಹನ್ನೊಂದು ಗಂಟೆಗೆ ಅಲ್ಲಿ ಹೊಲದ ಪಾಲುಪತ್ರಕ್ಕೆ ತಾಯಿಯ ಹೆಬ್ಬೆಟ್ಟು ಬೀಳಬೇಕು, ಬೇಗ ನಡೆಯಿರಿ ಎಂದು ಅವಸರಪಡಿಸಿದ.

ಊರು ದಾಟಿ ಹತ್ತು ನಿಮಿಷವಾಗಿತ್ತು. ಕನ್ನಡಿಯಲ್ಲಿ ಭಾಗಮ್ಮನವರ ಮುಖ ಬೆವರಿನಲ್ಲಿ ತೊಯ್ದದ್ದು ಕಂಡಿತು. ಎಡಗೈ ತಿಕ್ಕಿಕೊಳ್ಳುತ್ತಿದ್ದರು. ಅವ್ವನಿಗೆ ಕಾರು ಒಗ್ಗುವುದಿಲ್ಲ, ವಾಂತಿ ಬರುತ್ತಿರಬೇಕು ಎಂದ ಮಗ.

ಗುರುದೇವಿಗೆ ಮಿಲ್ಲಿನ ಗೆಳತಿ ದುಂಡಮ್ಮ ನೆನಪಾದಳು. ಅವಳೂ ಹೀಗೇ ಬೆವರಿ, ಕೈ ತಿಕ್ಕಿಕೊಂಡು ಕೂತಿದ್ದಳು. ಪಾಳಿ ಮುಗಿಯಲಿ ಎಂದಿದ್ದ ಮೇಸ್ತ್ರಿ. ಗುರುದೇವಿ ಎದುರಾಡಿರಲಿಲ್ಲ. ಪಾಳಿ ಮುಗಿಯುವಷ್ಟರಲ್ಲಿ ದುಂಡಮ್ಮನ ಜೀವ ಹೋಗಿತ್ತು.

"ಇದು ವಾಂತಿ ಅಲ್ರೀ, ಎದೀದು ಅದ. ದವಾಖಾನಿಗೆ ತಿರುಗಿಸ್ತೀನಿ," ಎಂದು ಅವಳು ಗಾಡಿ ಹೊರಳಿಸಿಯೇಬಿಟ್ಟಳು.

"ಕಂಪ್ಲೇಂಟ್ ಹಾಕ್ತೀನಿ. ನಿಮ್ಮ ಐಡಿನೇ ಬಂದ್ ಆಗ್ತದ."

"ಹಾಕ್ರಿ. ಆದ್ರ ಒಮ್ಮಿ ಹಿಂದ ಹೊಳ್ಳಿ ಅವ್ವನ ಮಾರಿ ನೋಡ್ರಿ."

ಅವನು ನೋಡಲಿಲ್ಲ, ಸಿಟ್ಟಿನಲ್ಲಿ ಮೊಬೈಲ್ ಒತ್ತುತ್ತಿದ್ದ. ಗುರುದೇವಿ ವೇಗ ಹೆಚ್ಚಿಸಿದಳು. ತನ್ನ ಊಹೆ ಸುಳ್ಳಾದರೆ? ಊರೊಳಗೆ ಜಗತ್ ವೃತ್ತದ ಹತ್ತಿರ ವಾಹನಗಳ ನಡುವೆ ಗಾಡಿ ಸಿಕ್ಕಿಕೊಂಡಾಗ ಭಾಗಮ್ಮನವರ ತಲೆ ಕಿಟಕಿಗೆ ಬಡಿದು ವಾಲಿತು. ಸದ್ದಿಗೆ ತಿರುಗಿದ ವಿವೇಕಾನಂದ ಮರುಕ್ಷಣವೇ ಕೆಳಗಿಳಿದು, ಎದುರಿನ ಆಟೋಗಳನ್ನು ಕೈಯಿಂದ ತಟ್ಟುತ್ತ, ದಾರಿ ಬಿಡಿಸುತ್ತ ಮುಂದೆ ಓಡಿದ.

ಆಸ್ಪತ್ರೆಯಲ್ಲಿ ನೋಡಿದರೆ ಭಾಗಮ್ಮನವರ ಹೃದಯದ ನಾಳ ಕಟ್ಟಿತ್ತು. ಚಿಕಿತ್ಸೆಯಿಂದ ಜೀವ ಉಳಿಯಿತು. ಕಮಲಾಪುರದವರೆಗೆ ಹೋಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು.

ಆದರೆ ಅಷ್ಟರಲ್ಲಾಗಲೇ ದೂರು ಹೋಗಿತ್ತು. ಮಧ್ಯಾಹ್ನವೇ ಆ್ಯಪ್‌ನಲ್ಲಿ ಗುರುದೇವಿಯ ಐಡಿ ಬಂದ್ ಆಗಿ, ಬುಕಿಂಗ್ ಬರುವುದು ನಿಂತಿತು. ಸಹಾಯವಾಣಿಗೆ ಎಷ್ಟು ಸಲ ಕರೆ ಮಾಡಿದರೂ ಮೊದಲೇ ರೆಕಾರ್ಡ್ ಮಾಡಿಟ್ಟ ಅದೇ ದನಿ. ಐದು ದಿನವಾದರೂ ಗಾಡಿ ಮನೆಯ ಮುಂದೆಯೇ ನಿಂತಿತ್ತು. ಮತ್ತೆ ಮಿಲ್ಲೇ ಗತಿಯೇನೋ ಎಂದು ಅವಳಿಗೆ ಊಟ ಸೇರಲಿಲ್ಲ.

ಆರನೆಯ ದಿನ ವಿವೇಕಾನಂದ ಮನೆಗೇ ಬಂದು ತಪ್ಪೊಪ್ಪಿಕೊಂಡ. ಆಸ್ಪತ್ರೆಯ ಚೀಟಿಗಳನ್ನೆಲ್ಲ ಸೇರಿಸಿ ಕಂಪನಿಗೆ ಬರೆದಿದ್ದ. ಎರಡು ದಿನ ಬಿಟ್ಟು ಐಡಿ ತೆರೆಯಿತು. ಯಾಕೆ ಮುಚ್ಚಿದ್ದರು, ಯಾಕೆ ತೆರೆದರು ಎಂದು ಯಾರೂ ಹೇಳಲಿಲ್ಲ.

ಇನ್ನೊಮ್ಮೆ ಹೀಗಾದರೆ ಏನು ಮಾಡುತ್ತೀ ಎಂದು ಗಂಡ ರೇವಣ ಕೇಳಿದ.

"ತಿರುಗಿಸ್ತೀನಿ," ಎಂದಳು. "ಆದ್ರ ಆ ಕಂಪನ್ಯಾಗ ನಮ್ಮ ಮಾತ ಕೇಳಾಕ ಒಬ್ಬರಾದ್ರೂ ಇರಬೇಕಿತ್ತು."