ಸೋಮವಾರವೇ ಕೆಡುವ ಆಂಪ್ಲಿಫೈಯರ್

ಕಳೆದ ಸೋಮವಾರ ಬೆಳಿಗ್ಗೆ ಸಿಂದಗಿಯಲ್ಲಿ ನನ್ನ ಕೈಯೊಳಗಿನ ಚಹಾದ ಕಪ್ಪು ಜಾರಿ ನೆಲಕ್ಕೆ ಬಿತ್ತು.

ಗೆಳೆಯ ಶಿವಾನಂದ ಅಲ್ಲಿ ಹೈಸ್ಕೂಲ್ ಮಾಸ್ತರ. ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವನು. ವಿಜಾಪುರಕ್ಕೆ ಟ್ರಂಕ್ ಕಾಲ್ ಹಚ್ಚಿದರೆ ಅರ್ಧ ದಿನ ಕಾಯಬೇಕಾದ ಊರಲ್ಲಿ ಕುಳಿತು ಈತ ಸಿಂಗಾಪುರದವರ ಜೊತೆ ಹರಟೆ ಹೊಡೆಯುತ್ತಾನೆ! ಅದಕ್ಕೆ ಬೇಕಾದ ಶಕ್ತಿಗೆಂದು ಹಳೆಯ ವಾಲ್ವ್ ಹಾಕಿ ತಾನೇ ಒಂದು ಆಂಪ್ಲಿಫೈಯರ್ ಕಟ್ಟಿದ್ದಾನೆ. ಒಳಗೆ ಎರಡು ಸಾವಿರ ವೋಲ್ಟ್. (ನಮ್ಮ ಮನೆಯ ಬಲ್ಬಿಗೆ ಇನ್ನೂರ ಮೂವತ್ತು ಸಾಕು.)

ಅದಕ್ಕೊಂದು ವಿಚಿತ್ರ ರೋಗ. ವಾರವೆಲ್ಲ ಸರಿಯಾಗಿರುತ್ತದೆ. ಸೋಮವಾರ ಮಾತ್ರ, ಜಳಕ ಮುಗಿಸಿ ಬಂದು ಎರಡನೇ ಸಲ ಸ್ವಿಚ್ ಹಾಕಿದರೆ ಫಟ್! ಫ್ಯೂಸ್ ಢಮಾರ್. ವಾಲ್ವ್ ಬದಲಿಸಿದ. ವೈರು ಬದಲಿಸಿದ. ಮುಚ್ಚಳವನ್ನಂತೂ ಕಟ್ಟಿದಾಗಿನಿಂದ ಹಾಕಿಯೇ ಇರಲಿಲ್ಲ. ನಾನೂ ಬಾಗೇವಾಡಿಯಿಂದ ಬಸ್ಸು ಹಿಡಿದು ಹೋಗಿ ತಲೆ ಕೆಡಿಸಿಕೊಂಡೆ. ಆದರೆ ನಾನು ಹೋಗುತ್ತಿದ್ದುದು ರವಿವಾರ. ಅವತ್ತು ಅದಕ್ಕೆ ಯಾವ ರೋಗವೂ ಇಲ್ಲ!

ಈ ಸಲ ಕೊನೆಯ ಬಸ್ಸು ತಪ್ಪಿತು. ಉಳಿದುಕೊಂಡೆ.

ಬೆಳಿಗ್ಗೆ ಶಿವಾನಂದ ಹರಟೆ ಮುಗಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಜಳಕಕ್ಕೆ ಹೋದ. ಆಗ ಬಂದರು ಅವನ ಅವ್ವ. ಕೈಯಲ್ಲಿ ನೆನೆಸಿದ ವಿಭೂತಿ. ನೋಡನೋಡುತ್ತಿದ್ದಂತೆ ಆ ಕೈ ತೆರೆದ ಡಬ್ಬಿಯೊಳಗೆ! ಹೈವೋಲ್ಟೇಜ್ ತಂತಿ ಹೊತ್ತ ಪಿಂಗಾಣಿ ಇನ್ಸುಲೇಟರಿಗೆ ಮೂರು ಬೆರಳು ಎಳೆದು, ಕೈ ಮುಗಿದರು.

“ಅವ್ವಾ, ಏನ್ ಮಾಡಾಕತ್ತೀರಿ?”

“ಸೋಮವಾರ ಅಲ್ಲೇನಪಾ? ಬೆಳ್ಳಗ, ಗುಂಡಗ, ಥೇಟ್ ಲಿಂಗಪ್ಪನಂಗ ಐತಿ. ನನ್ನ ಮಗಾ ದಿನಾ ಇದರ ಮುಂದ ಕುಂದರತಾನ. ಬರೀ ಹಣಿಲೆ ಹೆಂಗ ಬಿಡೂದು?”

ಸೋಮವಾರದ ರೋಗ ಸಿಕ್ಕಿತು. ಹಸಿ ವಿಭೂತಿ ಪಿಂಗಾಣಿಯ ಮೇಲಿಂದ ಮೆಲ್ಲಗೆ ತಳಕ್ಕೆ ಹರಿದು ಕರೆಂಟಿಗೆ ದಾರಿ ಮಾಡಿಕೊಡುತ್ತಿತ್ತು. ಒಣಗಿದ ಮೇಲೆ ಆ ದಾರಿ ಮುಚ್ಚಿಹೋಗುತ್ತಿತ್ತು. ಬಿಳಿಯ ಮೇಲೆ ಬಿಳಿ, ನಮಗೆ ಕಂಡೇ ಇರಲಿಲ್ಲ.

ಶಿವಾನಂದ ತಲೆ ಒರೆಸಿಕೊಳ್ಳುತ್ತ ಬಂದ. ನಾನು ಹೇಳಿದ್ದನ್ನು ಕೇಳಿ ನಕ್ಕ. “ಯಾಕಷ್ಟ ಅಂಜತಿ? ಪ್ಲಗ್ ಕಿತ್ತೇನಿ. ಒಳಗ ಏನೂ ಇರಂಗಿಲ್ಲ, ನೋಡ” ಎಂದು ಅರ್ಥಿಂಗ್ ತಂತಿ ಕಟ್ಟಿದ ಕೋಲನ್ನು ಆ ಹೈವೋಲ್ಟೇಜ್ ತಂತಿಗೆ ಮುಟ್ಟಿಸಿದ.

ಢಂ! ನೀಲಿ ಕಿಡಿ. ಕೋಣೆಯೆಲ್ಲ ಸುಟ್ಟ ವಾಸನೆ. ನನ್ನ ಚಹಾದ ಕಪ್ಪು ಬಿದ್ದದ್ದು ಆಗ.

ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ತುಂಬಿ ಉಳಿಯುವ ಕರೆಂಟನ್ನು ಇಳಿಸಲು ಒಂದು ರೆಸಿಸ್ಟರ್ ಇರುತ್ತದೆ. ಅದು ಯಾವಾಗಲೋ ಸುಟ್ಟುಹೋಗಿತ್ತು. (ನಾವು ರಿಪೇರಿಗೆ ಕೂಡುತ್ತಿದ್ದುದು ತಾಸುಗಟ್ಟಲೆ ಬಿಟ್ಟು. ಅಷ್ಟರಲ್ಲಿ ಕರೆಂಟು ತಾನಾಗಿಯೇ ಇಳಿದಿರುತ್ತಿತ್ತು.) ಅಂದರೆ ಇಷ್ಟು ಸೋಮವಾರ ಅವ್ವನ ಒದ್ದೆ ಬೆರಳು ಸಾವಿನಿಂದ ಒಂದೇ ಇಂಚು ದೂರವಿತ್ತೇ?

ಶಿವಾನಂದ ಅಲ್ಲೇ ಕುಸಿದ. ಅವ್ವನ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತ. “ಏನಾತೋ ಇವಗ?” ಎಂದು ಅವ್ವ ನನ್ನನ್ನು ಕೇಳಿದರು.

ವಿಭೂತಿ ಸದ್ದು ಮಾಡಿತು, ಹುಡುಕಿದೆವು. ರೆಸಿಸ್ಟರ್ ಸದ್ದಿಲ್ಲದೆ ಸತ್ತಿತ್ತು, ಅದು ನಮಗೆ ಫಾಲ್ಟೇ ಆಗಿರಲಿಲ್ಲ.

ಫ್ಯೂಸ್ ಬದಲಿಸಿ ಬದಲಿಸಿ ಸಾಕಾಯಿತೆಂದು ಗೊಣಗುತ್ತಿದ್ದೆವಲ್ಲ, ಅವ್ವ ಹೋಗಿದ್ದರೆ ಏನನ್ನು ಬದಲಿಸುತ್ತಿದ್ದೆವು?