ನಡದ ಗಂಟಿನ ಕೆಳಗೆ

ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಬದುವಿನಲ್ಲಿ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದ ಇಂದ್ರವ್ವ ಹೊರೆ ಹೊತ್ತು ನಡೆದರೆ, ಗಂಡ ಮುದಕಪ್ಪ ಹಿಂದೆ ಓಡಬೇಕಿತ್ತು. ಈಗ ಹಿತ್ತಲಿಗೆ ಹೋಗಿ ಬಂದರೂ ಎದೆ ಹಿಡಿದು ಕೂಡುತ್ತಾಳೆ. ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಹುಳ ಕಚ್ಚಿತ್ತು. ಉಳಿದದ್ದೆಲ್ಲ ಮನುಷ್ಯರು ಮಾಡಿದ್ದು.

ನಮ್ಮ ಹೆಂಗಸರು ಕಚ್ಚೆ ಹಾಕಿ, ನಡಕ್ಕೆ ಸೀರೆಯ ಗಂಟು ಬಿಗಿದು ಹೊಲಕ್ಕಿಳಿಯುತ್ತಾರೆ. ಗಂಟು ಉಜ್ಜಿ ಉಜ್ಜಿ ಎಲ್ಲರ ನಡದಲ್ಲೂ ಕರಿ ಕಲೆ. ಹೋದ ಮಳೆಗಾಲ ಅಲ್ಲೇ ಹಕ್ಕಳೆ ಕಟ್ಟಿದಾಗ ಇಂದ್ರವ್ವ ಎಲೆ-ಅಡಿಕೆಯ ಸುಣ್ಣ ಹಚ್ಚಿ ಮತ್ತೆ ಗಂಟು ಬಿಗಿದಳು.

ಜ್ವರ ಬಂತು. ಊರ ಡಾಕ್ಟರು ಕುರ್ಚಿ ಬಿಟ್ಟೇಳಲಿಲ್ಲ.

"ಮೈಮ್ಯಾಲೆ ಗಾಯ-ಗೀಯ ಐತೇನವಾ?"

"ಇಲ್ರಿ ಸಾಹೇಬ್ರ."

ಸುಳ್ಳು ಹೇಳಲಿಲ್ಲ ಆಕೆ. ಗಂಟಿನ ಕಲೆಗೆ ಯಾರು ಗಾಯ ಅಂತಾರೆ? ಪಂಕ್ಚರ್ ಹುಡುಕುವವನು ಕಬ್ಬಿನ ಟ್ರ್ಯಾಕ್ಟರಿನ ಟೈರಿಗೆ ಸುತ್ತಲೂ ಕೈಯಾಡಿಸಿ ನೋಡುತ್ತಾನೆ. ಇಂದ್ರವ್ವನ ಮೈ ಅಷ್ಟಕ್ಕೂ ಬಾಳಲಿಲ್ಲ. ಟೈಫಾಯ್ಡ್ ಅಂದ, ಸೂಜಿ ಚುಚ್ಚಿದ, ಸಲೈನ್ ಏರಿಸಿದ. ಐದು ದಿನ ಇದೇ ಪೂಜೆ. ಆರನೆಯ ದಿನ ತುಟಿ ನೀಲಿಗಟ್ಟಿತು, ಉಸಿರು ಸಿಗದಾಯಿತು.

ಬೆಳಗಾವಿಯ ದೊಡ್ಡ ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಎರಡೂ ಪುಪ್ಪುಸ ಅರಳೆ ತುರುಕಿದಂತೆ ಬೆಳ್ಳಗೆ. ಉಸಿರಿಗೆ ಮಷೀನು ಹಚ್ಚಬೇಕು, ಉಳಿಯುವ ಖಾತ್ರಿ ಇಲ್ಲ ಅಂದರು. ಸೀರೆ ಬದಲಿಸಲು ಬಂದ ನರ್ಸ್ ರಾಜೇಶ್ವರಿ, ಬೈಲಹೊಂಗಲದ ಹುಡುಗಿ, ಗಂಟು ಬಿಚ್ಚಿ ಸುಣ್ಣ ಒರೆಸಿದಳು. ಕೆಳಗೆ ಬೀಡಿಯಿಂದ ಸುಟ್ಟಂಥ ಕರಿ ಗುರುತು.

"ಇದನ್ನ ಯಾರರೆ ನೋಡ್ಯಾರೇನ್ರಿ ಕಾಕಾ?"

"ಅದು ಸೀರಿ ಗಂಟಿಂದವಾ, ಎಲ್ಲಾರಿಗೂ ಇರತೈತಿ," ಅಂದ ಮುದಕಪ್ಪ.

"ಗಂಟಿಂದಲ್ರಿ, ಹುಳಾ ಕಡದದ್ದು!"

ಸ್ಕ್ರಬ್ ಟೈಫಸ್, ಹುಲ್ಲಿನ ಹುಳ ಕಚ್ಚಿ ಬರುವ ಜ್ವರ. ಆ ತಾಸಿನಲ್ಲೇ ಔಷಧ ಶುರುವಾಯಿತು. ಸಾದಾ ಔಷಧ, ಊರ ಡಾಕ್ಟರನ ಕಪಾಟಿನಲ್ಲೂ ಇತ್ತು. ಹನ್ನೊಂದು ದಿನ ಆಕೆಯ ಪಾಲಿನ ಉಸಿರು ಮಷೀನು ಆಡಿತು. ಇಂದ್ರವ್ವ ಉಳಿದಳು, ಪುಪ್ಪುಸ ಪೂರ್ತಿ ಉಳಿಯಲಿಲ್ಲ.

ಮೊನ್ನೆ ಊರ ಶಾಲೆಯಲ್ಲಿ ಅದೇ ಡಾಕ್ಟರು ಜ್ವರದ ತಪಾಸಣೆಗೆ ಕೂತಿದ್ದ. ಇಂದ್ರವ್ವನ ನೆರೆಮನೆಯ ಸೋಮವ್ವನಿಗೆ ಮೂರು ದಿನದ ಜ್ವರ.

"ಗಾಯ-ಗೀಯ ಐತೇನವಾ?"

ಸೋಮವ್ವ ಇಲ್ಲವೆಂದು ಗೋಣು ಅಲ್ಲಾಡಿಸಿದಳು.

ಬಾಗಿಲಿಗೆ ಆತು ನಿಂತಿದ್ದ ಇಂದ್ರವ್ವ ಏದುಸಿರಿನಲ್ಲೇ ಗದರಿದಳು. "ಮ್ಯಾಲೇಳೋ ಯಪ್ಪಾ! ಕುರ್ಚ್ಯಾಗ ಕುಂತ್ರ ನಡಾ ಕಾಣತೈತೇನ?"

ಡಾಕ್ಟರು ಚೀಟಿ ಬರೆಯುತ್ತಲೇ ಇದ್ದ. ಆಕೆ ಕಾಯಲಿಲ್ಲ. ಸೋಮವ್ವನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಎಳೆದೊಯ್ದಳು.

"ಗಂಟು ಬಿಚ್ಚ. ನಾಚಿಕಿ ಆಮ್ಯಾಲೆ ಮಾಡೀಯಂತ."

ಮರುಗಳಿಗೆ ಇಂದ್ರವ್ವನ ಒಡಕು ದನಿ ಹೊರಗಿನ ಕುರ್ಚಿಗೆ ಬಡಿಯಿತು:

"ಬಾರೋ ಒಳಗ! ಐತಿ! ಈಕಿನೂ ಸುಣ್ಣಾ ಹಚ್ಚ್ಯಾಳ!"